ವಾಚರ್ ಬರ್ಮಪ್ಪನ ಎಡಗಾಲು

ನಾಳೆ ಎಂಟೂವರೆಗೆ ಮೊದಲ ಕೇಸು.
ಇವತ್ತು ಸಂಜೆಯೇ ಬೆನ್ನಿಗೊಂದು ಸಣ್ಣ ನಳಿಕೆ ಇಳಿಸಬೇಕು,
ರಾತ್ರಿಯಿಡೀ ಔಷಧಿ ಹನಿಯಬೇಕು ಎಂದೆ.
ಬರ್ಮಪ್ಪ ಗೋಡೆಯ ಕಡೆ ತಿರುಗಿ ನಕ್ಕ.
'ಆ ಕಾಲಿಗೆ ಏನೂ ಗೊತ್ತಾಗಲ್ಲ, ಡಾಕ್ಟ್ರಮ್ಮ.
ಕೆಂಡ ತುಳಿದದ್ದೇ ಗೊತ್ತಾಗಲಿಲ್ಲ.
ಸುಟ್ಟ ವಾಸನೆ ಬಂತು,
ಉಡವೋ ಮೊಲವೋ ಸಿಕ್ಕಿಕೊಂಡಿದೆ ಅಂತ
ಹುಲ್ಲೊಳಗೆ ಕೋಲು ಹಾಕಿ ಹುಡುಕಿದೆ.
ಸುಡ್ತಿದ್ದದ್ದು ನಾನು.'

ಸಕ್ಕರೆ ಕಾಯಿಲೆ, ಹನ್ನೆರಡು ವರ್ಷದ್ದು.
ಶೆಟ್ಟಿಹಳ್ಳಿ ಕಾಡಿಗೆ ಇಪ್ಪತ್ತಾರು ವರ್ಷದ ಕಾವಲು.

'ಅರಿವೇ ಇಲ್ಲದ್ದಕ್ಕೆ ಅರಿವಳಿಕೆ ಯಾಕೆ?
ಅದೂ, ಹೋಗೋ ಕಾಲಿಗೆ?'

ನನ್ನಲ್ಲಿ ಉತ್ತರವಿತ್ತು, ಇಂಗ್ಲಿಷಿನಲ್ಲಿ.
ಕನ್ನಡಕ್ಕೆ ತರುವಾಗ ಅರ್ಧ ದಾರಿಯಲ್ಲೇ ಉಳಿಯಿತು.
ಕೊಯ್ಯುವುದು ಪಾದವನ್ನಲ್ಲ, ಬರ್ಮಪ್ಪ,
ಮೊಣಕಾಲಿನ ಕೆಳಗೆ, ಒಂದು ಗೇಣು;
ಸೊಳ್ಳೆ ಕೂತರೆ ಇನ್ನೂ ತಿಳಿಯುವ ಜಾಗ.
ಗರಗಸ ಹಾಯುವಾಗ ನೀವು ನಿದ್ದೆಯಲ್ಲಿರುತ್ತೀರಿ.
ಬೆನ್ನುಹುರಿ ಮಲಗುವುದಿಲ್ಲ.
ಕೇಳಿಸಿಕೊಳ್ಳುತ್ತದೆ.
ಒಮ್ಮೆ ಕೇಳಿದ್ದನ್ನು ಆಮೇಲೆ ತಿಂಗಳುಗಟ್ಟಲೆ
ಕೂಗಿ ಕೂಗಿ ಹೇಳುತ್ತದೆ,
ಕಾಲಿಲ್ಲದ ಮೇಲೂ.

ಗುತ್ಯಮ್ಮ ಟಿಫನ್ ಡಬ್ಬಿಯ ಮುಚ್ಚಳ ಒರೆಸುತ್ತಿದ್ದಳು.
'ಐದು ಹೆರಿಗೆಯಲ್ಲಿ ನನಗ್ಯಾರು ಮೊದಲೇ ಕೊಟ್ರು?'
ಯಾರನ್ನು ಕೇಳಿದಳೋ.
ಡಬ್ಬಿಯನ್ನೋ.

ಕಲಿಯುವ ಕಾಲಕ್ಕೆ ನಾವೂ ಹಾಗೇ.
ನೋವು ಬಂದ ಮೇಲೆ ಸೂಜಿ.
ಕೂಗಿದವರಿಗೆ ಬೇಗ,
ಕೂಗದವರಿಗೆ ಪಾಳಿ ಬದಲಾದ ಮೇಲೆ.
ಕೋಣಂದೂರಿನ ಕಡೆಯ ಹೆಂಗಸೊಬ್ಬಳು
ಸೆರಗು ಕಚ್ಚಿ ಹಿಡಿದು ಒಂದು ಮಾತೂ ಆಡಲಿಲ್ಲ.
ಪಾಪದವಳು, ಗಟ್ಟಿಗಿತ್ತಿ ಎಂದು ಬರೆದುಕೊಂಡೆ.
ಬೆಳಿಗ್ಗೆ ಸೆರಗಿನಲ್ಲಿ ತೂತಿತ್ತು.

ಬರ್ಮಪ್ಪ ಸುಮ್ಮನಿದ್ದ.
ಆಮೇಲೆ ಹಾಸಿಗೆಯ ಬಿಳಿ ಬಟ್ಟೆಯ ಮೇಲೆ
ಉಗುರಿನಿಂದ ಉದ್ದಕ್ಕೊಂದು ಗೆರೆ ಎಳೆದ.
'ಫೈರ್ ಲೈನಾ?'

ಜನವರಿಯಲ್ಲಿ, ಇಬ್ಬನಿ ಆರಿದ ಮೇಲೆ,
ಲಂಟಾನ ಕಡಿದು, ತರಗು ಗುಡಿಸಿ,
ನಾಲ್ಕು ಮಾರು ಅಗಲ ನಾವೇ ಸುಡ್ತೀವಿ, ಎಂದ,
ಒಂದು ಕೈಯಲ್ಲಿ ಬೆಂಕಿ, ಒಂದು ಕೈಯಲ್ಲಿ ಹಸಿ ಸೊಪ್ಪು.
ಮಾರ್ಚಿಗೆ ದೊಡ್ಡದು ಓಡಿ ಬರುತ್ತೆ,
ತಿನ್ನೋಕೆ ಏನೂ ಇರಲ್ಲ.
ಗೆರೆ ಹತ್ತಿರ ನಿಂತು, ಹಲ್ಲು ಕಡಿದು, ಸಾಯುತ್ತೆ.

'ಯಾವಾಗಲೂ ಸಾಯುತ್ತಾ?'
'ಎಲ್ಲಿ! ಗಾಳಿ ಇದ್ದರೆ ಹಾರುತ್ತೆ.
ಹಂಗಂತ ಗೆರೆ ಹೊಡೆಯದೆ ಮಲಗೋಕಾಗುತ್ತಾ?'

ನಮ್ಮದೂ ಅಷ್ಟೇ, ಎಂದೆ.
ಅವನು ಮಂಡಿಯನ್ನು ಎದೆಗೆ ತಂದು
ಬೆನ್ನು ಬಿಲ್ಲಾಗಿಸಿ ಕೊಟ್ಟ.
ಮೂರನೆಯ ಗೆಣ್ಣು, ನಾಲ್ಕನೆಯದು, ಅವುಗಳ ನಡುವೆ
ನನ್ನ ಹೆಬ್ಬೆರಳು ದಾರಿ ಕೇಳುತ್ತಾ ಇಳಿಯಿತು.

ಮೂರನೆಯ ದಿನ.
ಹತ್ತರಲ್ಲಿ ಎಷ್ಟು ನೋವು?
'ರೂಪಾಯಿಗೆ ಎರಡಾಣೆ.'
ಚಾರ್ಟಿನಲ್ಲಿ ಒಂದು ಎಂದು ಬರೆದು, ಕಾಲು ಉಳಿಸಿಕೊಂಡು,
ಆ ಪದಕ್ಕೆ ನನ್ನಲ್ಲೇ ನಾಚಿಕೊಂಡು, ಹೊರಟೆ.
ಸನ್ನೆ ಮಾಡಿ ಕರೆದ. ದನಿ ತಗ್ಗಿಸಿದ.
'ಹೆಬ್ಬೆರಳು ತುರಿಸ್ತಿದೆ.
ಎಡಗಾಲಿಂದು.'
ನೋವಾ?
'ನೋವಲ್ಲ. ಬರೀ ತುರಿಕೆ.
ಆರು ವರ್ಷ ಆಗಿತ್ತು, ಅದು ಮಾತಾಡಿ.'

ಕಾಲಿಲ್ಲದ ಬೆರಳಿಗೆ ಏನು ಬರೆದುಕೊಡಲಿ,
ಪೆನ್ನು ಹಿಡಿದು ನಿಂತಿದ್ದೆ.
ಕೇಳಿಸಿಕೊಂಡಿದ್ದಳೇನೋ ಗುತ್ಯಮ್ಮ,
ಎದ್ದು ಬಂದು, ಹೊದಿಕೆ ಚಪ್ಪಟೆಯಾಗಿ ಬಿದ್ದಿದ್ದ ಕಡೆ
ಬರಿಯ ಬಟ್ಟೆಯನ್ನು ಮೆಲ್ಲಗೆ ಕೆರೆದಳು.

'ಅಲ್ಲಲ್ಲ,' ಎಂದ ಬರ್ಮಪ್ಪ ಕಣ್ಣು ಮುಚ್ಚಿ,
'ಇನ್ನೂ ಸ್ವಲ್ಪ ಕೆಳಗೆ.'